ಸಿನಗಾಗ್‌ನಲ್ಲಿ ನಿನಗೇನು ಕೆಲಸ?

ವಾರ ತಪ್ಪಿದರೂ ಈ ಪ್ರಶ್ನೆ ತಪ್ಪುವುದಿಲ್ಲ. ಹಾಸನದಿಂದ ಅತ್ತೆ ಫೋನಿನಲ್ಲಿ ಕೇಳುತ್ತಾರೆ, "ಅಲ್ಲ ಕಣೆ, ಗುಡಿ ಯಹೂದಿಗಳದ್ದು, ಮಾತು ಕರಿಯರದ್ದು, ಮಧ್ಯೆ ನಿನಗೇನು ಕೆಲಸ?" ನಾನಿರುವ ಅಮೆರಿಕದ ಅಟ್ಲಾಂಟಾದ ಕನ್ನಡದ ಗೆಳತಿಯರು ಇದನ್ನೇ ಸ್ವಲ್ಪ ನಯವಾಗಿ ಕೇಳುತ್ತಾರೆ: "ಸುಮ್ನೆ ನಮಗ್ಯಾಕೆ ಅದೆಲ್ಲ, ಅಲ್ವಾ?"

ವಿಷಯ ಇಷ್ಟೇ. ನಮ್ಮ ಮನೆ ಹತ್ತಿರದ ಸಿನಗಾಗ್‌ನಲ್ಲಿ ತಿಂಗಳಿಗೊಂದು ಭಾನುವಾರ ವರ್ಣಭೇದದ ಬಗ್ಗೆ ಮಾತುಕತೆ ಇರುತ್ತದೆ. ಕಪ್ಪು ಜನರ ಬ್ಯಾಪ್ಟಿಸ್ಟ್ ಚರ್ಚಿನವರು, ಮಸೀದಿಯವರು, ಸಿನಗಾಗ್‌ನವರು, ನನ್ನಂಥ ಒಬ್ಬಿಬ್ಬರು ಹಿಂದೂಗಳು. ದುಂಡಗೆ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಭಾಷಣ ಇಲ್ಲ. ಮನೆಯಿಂದ ಅಡುಗೆ ತರುವಂತಿಲ್ಲ, ಅವರದು ಕೋಷರ್ ಅಡುಗೆಮನೆ, ಅಂದರೆ ಯಹೂದಿ ಧರ್ಮದ ಆಹಾರ ನಿಯಮ ಪಾಲಿಸುವಂಥದ್ದು. ಮೊದಲ ಸಲ ನನ್ನ ಚಿತ್ರಾನ್ನದ ಡಬ್ಬಿ ಕಾರಲ್ಲೇ ಉಳಿಯಿತು. ಸುಲಿಯದ ಹಣ್ಣು ತರಬಹುದು, ಹಾಗಾಗಿ ಈಗ ಬಾಳೆಹಣ್ಣು ನನ್ನ ಪಾಲು. ಇದನ್ನು ಕೇಳಿ ಅತ್ತೆಗೆ ಅವರ ಮೇಲೆ ಗೌರವ ಜಾಸ್ತಿಯಾಯಿತು. "ಓ, ಮಡಿಯವರು!"

ಯಹೂದಿಗಳಿಗಾದರೂ ಇದು ಯಾಕೆ ಬೇಕಿತ್ತು ಅಂತ ಮೊದಲು ನನಗೂ ಅನಿಸಿತ್ತು. ಅಟ್ಲಾಂಟಾದಲ್ಲಿ ಅದಕ್ಕೊಂದು ಹಳೆಯ ಕತೆ ಇದೆ. 1915ರಲ್ಲಿ ಲಿಯೋ ಫ್ರಾಂಕ್ ಎಂಬ ಯಹೂದಿ ಮ್ಯಾನೇಜರನ್ನು ಜನ ಜೈಲಿನಿಂದ ಎಳೆದೊಯ್ದು ಹತ್ತಿರದ ಮರಿಯೆಟ್ಟಾದಲ್ಲಿ ಮರಕ್ಕೆ ನೇತುಹಾಕಿದರು. ಆಮೇಲೆ ಇಲ್ಲಿನ ಯಹೂದಿಗಳು ಎಷ್ಟೋ ವರ್ಷ ತಲೆ ತಗ್ಗಿಸಿಕೊಂಡೇ ಬದುಕಿದರು. ನಮ್ಮವರು ಹೇಳುತ್ತಾರಲ್ಲ, ಬಂದ ಕೆಲಸ ನೋಡಿಕೊಂಡು ಸುಮ್ಮನಿರೋಣ ಅಂತ, ಹಾಗೆ. ಪೀಚ್‌ಟ್ರೀ ರಸ್ತೆಯ 'ದಿ ಟೆಂಪಲ್' ಎಂಬ ಸಿನಗಾಗ್‌ಗೆ 1946ರಲ್ಲಿ ಜೇಕಬ್ ರಾಥ್‌ಚೈಲ್ಡ್ ರಬ್ಬಿಯಾಗಿ, ಅಂದರೆ ಧರ್ಮಗುರುವಾಗಿ, ಬಂದರು. ಅವರು ಸುಮ್ಮನಿರಲಿಲ್ಲ. ಕಪ್ಪು ಜನರನ್ನು ಬೇರೆ ಇಡುವುದು ತಪ್ಪು ಅಂತ ಪ್ರವಚನದಲ್ಲೇ ಹೇಳಿದರು. 1958ರ ಅಕ್ಟೋಬರ್ 12ರ ಬೆಳಗಿನ ಜಾವ ಆ ಕಟ್ಟಡಕ್ಕೆ ಡೈನಮೈಟ್ ಇಟ್ಟು ಸ್ಫೋಟಿಸಿದರು. ಅವತ್ತು ಭಾನುವಾರ. ಇನ್ನು ಕೆಲವು ಗಂಟೆ ಕಳೆದಿದ್ದರೆ ಮಕ್ಕಳು ಪಾಠಕ್ಕೆ ಬಂದಿರುತ್ತಿದ್ದರು. ಯಾರಿಗೂ ಶಿಕ್ಷೆ ಆಗಲಿಲ್ಲ.

ಸರಿ, ನನಗ್ಯಾಕೆ? ನಾನು ಈ ದೇಶಕ್ಕೆ ಬಂದದ್ದೇ ಕಪ್ಪು ಜನರ ಹಕ್ಕುಗಳ ಹೋರಾಟ ತೆರೆದ ಬಾಗಿಲಿನಿಂದ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ, ಬಿಳಿಯನಲ್ಲ ಎಂಬ ಕಾರಣಕ್ಕೆ ಇಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಪೌರತ್ವ ಕಳೆದುಕೊಂಡ. 1946ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು, ಆದರೆ ಇಡೀ ಭಾರತಕ್ಕೆ ವರ್ಷಕ್ಕೆ ನೂರು ಜನ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಆದ ಮರುವರ್ಷ ವಲಸೆ ಕಾಯ್ದೆಯೂ ಬದಲಾಗಿ ಬಾಗಿಲು ಅಗಲವಾಯಿತು. ಈ ಎರಡೂ ಮಸೂದೆಗಳನ್ನು ಸಂಸತ್ತಿಗೆ ತಂದವರು ಬ್ರೂಕ್ಲಿನ್‌ನ ಸಂಸದ ಇಮ್ಯಾನುಯೆಲ್ ಸೆಲ್ಲರ್, ಯಹೂದಿ. ನಮ್ಮ ಕನ್ನಡ ಕೂಟದ ಯುಗಾದಿ ಊಟದ ಸಾಲು ಉದ್ದವಾಗಿರುವುದಕ್ಕೆ ಅದೂ ಒಂದು ಕಾರಣ.

ಈ ಥಿಂಡ್ ಕತೆಯನ್ನು ನಾನು ಒಂದು ಭಾನುವಾರ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ನೋಡಿ, ನಮಗೂ ಹೀಗೆ ಮಾಡಿದ್ದರು ಅಂತ. ಅವನು ಕೋರ್ಟಿನಲ್ಲಿ ಏನಂತ ವಾದಿಸಿದ ಅಂತ ಯಾರೋ ಕೇಳಿದರು. "ನಾನು ಮೇಲ್ಜಾತಿಯ ಆರ್ಯ, ಅದಕ್ಕೇ ಬಿಳಿಯ" ಅಂತ ವಾದಿಸಿದ್ದ. ಹೇಳಿದೆ. ಚರ್ಚಿನಿಂದ ಬರುವ ಒಬ್ಬ ಅಜ್ಜಿ, ಎಂಬತ್ತು ದಾಟಿದವರು, ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಮೇಲ್ಜಾತಿ ಅಂದರೆ?"

"ಈಗ ಅದೆಲ್ಲ ಇಲ್ಲ" ಅಂದೆ. ನಮ್ಮೆಲ್ಲರ ಬಾಯಲ್ಲೂ ಸಿದ್ಧವಾಗಿರುವ ಮಾತು. ಹೇಳುತ್ತಿದ್ದ ಹಾಗೇ ನನ್ನ ಅಜ್ಜಿ ಮನೆ ಕೊಟ್ಟಿಗೆಯ ಸೂರು ಕಣ್ಣ ಮುಂದೆ ಬಂತು. ಅಲ್ಲಿ ಒಂದು ತೆಂಗಿನ ಚಿಪ್ಪು ಸಿಕ್ಕಿಸಿ ಇಟ್ಟಿರುತ್ತಿದ್ದರು. ಗದ್ದೆ ಕೆಲಸಕ್ಕೆ ಕೇರಿಯಿಂದ ಬರುತ್ತಿದ್ದ ಆಳು ಅದನ್ನು ತಾನೇ ಎಳೆದುಕೊಂಡು ಅಂಗಳದಲ್ಲಿ ಕೂರುತ್ತಿದ್ದ. ಅಜ್ಜಿ ಮೇಲಿನಿಂದ ಕಾಫಿ ಸುರಿಯುತ್ತಿದ್ದರು, ತಂಬಿಗೆ ತಾಗದ ಹಾಗೆ. ನಾನು ಪಕ್ಕದಲ್ಲೇ ಸ್ಟೀಲ್ ಲೋಟ ಹಿಡಿದು ನಿಂತಿರುತ್ತಿದ್ದೆ. ಇಷ್ಟನ್ನೂ ಹೇಳಿದೆ. ಇಂಗ್ಲಿಷಿನಲ್ಲಿ ಹೇಳುವುದು ಯಾಕೋ ಸುಲಭವಾಯಿತು.

"ಆ ಚಿಪ್ಪು ತೊಳೆಯುತ್ತಿದ್ದವರು ಯಾರು?" ಚರ್ಚಿನ ಅಜ್ಜಿ ಕೇಳಿದರು.

"ಅವನೇ."

"ನಾನೂ ಅಷ್ಟೇ" ಅಂದರು. ಹುಡುಗಿಯಾಗಿದ್ದಾಗ ಬಿಳಿಯರ ಮನೆಗೆಲಸಕ್ಕೆ ಹೋಗುತ್ತಿದ್ದರಂತೆ. ಅವರ ಲೋಟ ಸಿಂಕಿನ ಕೆಳಗೆ, ಸೋಪಿನ ಡಬ್ಬಿ ಪಕ್ಕ. ಇನ್ನೇನೂ ಹೇಳದೆ ಒಂದು ಬಾಳೆಹಣ್ಣು ಸುಲಿದುಕೊಂಡರು.

ಇದನ್ನು ಅತ್ತೆಗೂ ಹೇಳಿದೆ. ನಿನಗೇನು ಕೆಲಸ ಅಂತ ಕೇಳುವುದನ್ನು ಬಿಟ್ಟು ಈಗ ಬೇರೆ ಕೇಳಿದರು, "ಮನೆ ಮಾತನ್ನೆಲ್ಲ ಅಲ್ಲಿ ಯಾಕೆ ಹೇಳಕ್ಕೆ ಹೋದೆ?" ನಾನು ಸುಮ್ಮನಿದ್ದೆ. ಫೋನಿನಲ್ಲಿ ಟಿವಿಯ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು.

"ನಮ್ಮ ಮನೇಲೂ ಇತ್ತು ಕಣೆ" ಅಂದರು.