ದೊಡ್ಡಗದ್ದವಳ್ಳಿ ಕಿರುಪುಸ್ತಕ: ಆರನೇ ವಾರ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ದೊಡ್ಡಗದ್ದವಳ್ಳಿ. ಅಲ್ಲಿನ ಲಕ್ಷ್ಮೀದೇವಿ ಗುಡಿಯ ಬಗ್ಗೆ ನಾವು ನಾಲ್ಕು ಜನ ಸೇರಿ ಬರೆಯುತ್ತಿದ್ದೇವೆ. ನಾನು, ತಂಗಿ, ಗೆಳತಿ, ಮೇಷ್ಟ್ರು. ಮೇಷ್ಟ್ರ ಊರಲ್ಲಿ ನೆಟ್ ಸರಿಯಾಗಿ ಸಿಗಲ್ಲ. ಹಾಗಾಗಿ ಕೆಲಸವೆಲ್ಲ ನೆಟ್ ಇಲ್ಲದೆಯೂ ನಡೆಯುವ ಬರವಣಿಗೆ ತಂತ್ರಾಂಶ ಲಿಬ್ರೆ ಆಫೀಸ್ ರೈಟರ್‌ನಲ್ಲೇ.

ಈ ವಾರ ಜಾಸ್ತಿ ಹೊತ್ತು ಹಿಡಿದದ್ದು ಮೇಷ್ಟ್ರ ಅಧ್ಯಾಯ. ಅವರು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟ್‌ನಲ್ಲೇ ಟೈಪ್ ಮಾಡುವುದು. ಕಳಿಸುವಾಗ ನುಡಿಗೆ, ವಾಪಸ್ ಬಂದ ಮೇಲೆ ಈಗ ಎಲ್ಲ ಕಂಪ್ಯೂಟರ್‌ನಲ್ಲೂ ನಡೆಯುವ ಯೂನಿಕೋಡ್‌ಗೆ ಬದಲಾಯಿಸುತ್ತೇನೆ. ಅಷ್ಟರಲ್ಲಿ ಯಾರು ಎಲ್ಲಿ ತಿದ್ದಿದರು ಅನ್ನುವ ಗುರುತೆಲ್ಲ ಅಳಿಸಿ ಹೋಗಿರುತ್ತದೆ. ಅದಕ್ಕೆ ಎರಡು ಪ್ರತಿಗಳ ವ್ಯತ್ಯಾಸವನ್ನು ಬಣ್ಣದಲ್ಲಿ ತೋರಿಸುವ ಕಂಪೇರ್ ಡಾಕ್ಯುಮೆಂಟ್ ಅನ್ನು ಹಳೇ ಪ್ರತಿಯ ಜೊತೆ ಹಾಕಿದೆ. ಪುಟ ಪೂರ್ತಿ ಬಣ್ಣ! ‘ಹೊಯ್ಸಳ’ ಅಂತ ಒಂದು ಪದ ಅಡ್ಡಗೆರೆ ಎಳೆಸಿಕೊಂಡಿದೆ, ಪಕ್ಕದಲ್ಲೇ ಹೊಸದಾಗಿ ‘ಹೊಯ್ಸಳ’ ಅಂತಲೇ ಇದೆ. ‘ದೊಡ್ಡಗದ್ದವಳ್ಳಿ’ಯೂ ಹಾಗೇ. ಎಷ್ಟು ಸಲ ನೋಡಿದರೂ ಎರಡೂ ಒಂದೇ.

ಕೊನೆಗೆ ಒಂದೊಂದೇ ಅಕ್ಷರ ಅಳಿಸಿ ನೋಡಿದೆ. ‘ಹೊ’ದಲ್ಲಿರುವ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊತ್ವ ಸೇರಿಸಿ ಎರಡಾಗಿಯೂ ಇಡಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರ್ ಮಾತ್ರ ಬೇರೆ ಅಂತ ಎಣಿಸುತ್ತದೆ. ನನ್ನ ಪರಿವರ್ತಕ ಎರಡಾಗಿ ಒಡೆದು ಕೊಟ್ಟಿತ್ತು. ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ದೀರ್ಘ ಓತ್ವಗಳನ್ನು ಮೊದಲು, ಆಮೇಲೆ ಒತ್ವಗಳನ್ನು ಸರಿ ಮಾಡಿ ಮತ್ತೆ ಹೋಲಿಸಿದೆ. 300ಕ್ಕೂ ಜಾಸ್ತಿ ಇದ್ದ ಗುರುತುಗಳು 41ಕ್ಕೆ ಇಳಿದವು. ಆ 41 ಮಾತ್ರ ಮೇಷ್ಟ್ರು ನಿಜವಾಗಿ ತಿದ್ದಿದ್ದು. ಓದುತ್ತಾ ಹೋದಂತೆ ತುಂಬಾ ಖುಷಿಯಾಯಿತು.

ಇನ್ನೊಂದು ಸಣ್ಣ ವಿಷಯ. ತಂಗಿ ಮತ್ತು ನಾನು ಒಂದೇ ಲ್ಯಾಪ್‌ಟಾಪ್ ಬಳಸುತ್ತೇವೆ. ಯೂಸರ್ ಡೇಟಾದಲ್ಲಿ ಹೆಸರು ಬದಲಾಯಿಸದೆ ಕೂತರೆ ಅವಳ ತಿದ್ದುಪಡಿಯೂ ನನ್ನ ಬಣ್ಣದಲ್ಲೇ ಬರುತ್ತದೆ. ಈಗ ಕೂರುವ ಮೊದಲು ಹೆಸರು ನೋಡಿಕೊಳ್ಳುತ್ತೇವೆ.

ಅವಳು ಮೇಷ್ಟ್ರ ಅಧ್ಯಾಯದ ಉದ್ದಕ್ಕೂ ‘ಗುಡಿ’ಯನ್ನು ‘ದೇವಾಲಯ’ ಮಾಡಿದ್ದಳು. ತಿದ್ದುಪಡಿಗಳಿಗೆ ಗುರುತಿಡುವ ರೆಕಾರ್ಡ್ ಆನ್ ಇತ್ತಲ್ಲ, ಎಲ್ಲವೂ ಕಾಣಿಸಿತು. ಮೇಷ್ಟ್ರಿಗೆ ಫೋನ್ ಮಾಡಿದೆ. “ನಮ್ಮೂರಲ್ಲಿ ಯಾರಮ್ಮ ದೇವಾಲಯಕ್ಕೆ ಹೋಗಿಬಂದೆ ಅಂತಾರೆ? ಗುಡಿಗೆ ಹೋಗಿಬಂದೆ ಅಂತಾರೆ” ಅಂದರು. ತಂಗಿಯೂ ಒಪ್ಪಿದಳು. ಒಂದೊಂದಾಗಿ ರಿಜೆಕ್ಟ್ ಒತ್ತಿದೆ, ಅವರ ಪದಗಳೆಲ್ಲ ಹಾಗೇ ವಾಪಸ್ ಬಂದವು. ಸುಮ್ನೆ ಅಳಿಸಿ ಬರೆದಿದ್ದರೆ ಅವರ ಮಾತಿನ ಧಾಟಿಯೇ ಹೋಗಿಬಿಡುತ್ತಿತ್ತು ಅಲ್ವಾ?

ಗುಡಿ ಕಟ್ಟಿದ ವರ್ಷದ ಹತ್ತಿರ ಮಾತ್ರ ಒಂದು ಕಾಮೆಂಟ್ ಇನ್ನೂ ತೆರೆದೇ ಇದೆ. ನಾನು 1113 ಅಂತ ಬರೆದಿದ್ದೆ, ಗೆಳತಿ 1114 ಮಾಡಿದಳು. ಕಾರಣ ಬರೆಯದೆ ಅಂಕಿ ಬದಲಿಸಿದ್ದಕ್ಕೆ ಮೊದಲು ಬೇಜಾರಾಯಿತು. ಆಮೇಲೆ ಮೇಷ್ಟ್ರು ಕಾಮೆಂಟಿನ ಕೆಳಗೆ ವಿವರಿಸಿದರು: ಶಾಸನಗಳಲ್ಲಿ ಬರುವ ಶಕ ವರ್ಷ ಯುಗಾದಿಗೆ ಶುರು. ಮಾಘ, ಫಾಲ್ಗುಣದಲ್ಲಿ ಬರೆಸಿದ ಶಾಸನವಾದರೆ ಅಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ, ಹಾಗಾಗಿ ಕ್ರಿ.ಶ. ತಿಳಿಯಲು ಶಕ ವರ್ಷಕ್ಕೆ 78ರ ಬದಲು 79 ಕೂಡಿಸಬೇಕು. ಈಗ ಅಂಕಿ ಮುಟ್ಟುವವರು ಪಕ್ಕದಲ್ಲಿ ಆಧಾರ ಬರೆಯಲೇಬೇಕು ಅಂತ ಮಾಡಿಕೊಂಡಿದ್ದೇವೆ.

ಶನಿವಾರ ಗ್ರಂಥಾಲಯದಲ್ಲಿ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆ ಸಂಪುಟ ತೆಗೆಸಿ ಶಾಸನದ ತಿಂಗಳು ನೋಡಬೇಕು. ಅಲ್ಲಿವರೆಗೆ ಆ ಸಾಲಿನಲ್ಲಿ ಎರಡೂ ವರ್ಷ ಇರಲಿ, ನಮ್ಮಿಬ್ಬರ ಹೆಸರಿನ ಜೊತೆ.