ಸೈಡ್ ಎಫೆಕ್ಟ್ ಇಲ್ಲದ ಗರ್ಭನಿರೋಧಕ ಯಾವುದು?

ನನಗೆ ಪದೇ ಪದೇ ಬರುವ ಪ್ರಶ್ನೆ ಇದು. "ಸದ್ಯಕ್ಕೆ ಮಗು ಬೇಡ, ಯಾವ ತೊಂದರೆಯೂ ಇಲ್ಲದ್ದು ಒಂದು ಹೇಳಿ." ಕೇಳುವವರು ಹೆಚ್ಚಾಗಿ ಹೆಂಗಸರೇ. ಎಲ್ಲರಿಗೂ ಹೊಂದುವ, ಏನೂ ಕಿರಿಕಿರಿ ಕೊಡದ ವಿಧಾನ ಅಂತ ಒಂದಿಲ್ಲ. ಆದರೆ ನಿಮಗೆ ಯಾವುದು ಬೇಡವೇ ಬೇಡ ಅನ್ನುವುದನ್ನು ಸಾಕಷ್ಟು ಖಚಿತವಾಗಿ ಹೇಳಬಹುದು. ಅಲ್ಲಿಂದಲೇ ಶುರು ಮಾಡಿ ಅನ್ನುತ್ತೇನೆ ನಾನು.

ದಿನಾ ನುಂಗುವ ಮಾತ್ರೆ ತಗೊಳ್ಳಿ. ಹೆಚ್ಚಿನವುಗಳಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟಿನ್ ಅನ್ನುವ ಎರಡೂ ಹಾರ್ಮೋನು ಇರುತ್ತವೆ. ಇವು ಅಂಡಾಣು ಹೊರಬರದಂತೆ ತಡೆಯುತ್ತವೆ, ಜೊತೆಗೆ ಗರ್ಭಕೋಶದ ಬಾಯಲ್ಲಿರುವ ಲೋಳೆಯನ್ನು ಗಟ್ಟಿ ಮಾಡಿ ವೀರ್ಯಾಣು ಒಳಗೆ ಹೋಗಲು ಬಿಡುವುದಿಲ್ಲ. ಒಂದೂ ತಪ್ಪದೆ ನುಂಗಿದರೆ ವರ್ಷಕ್ಕೆ 100 ಜನರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದು ಕಷ್ಟ. ನಿಜವಾಗಿ ನಡೆಯುವುದು ನೋಡಿದರೆ ಸುಮಾರು 7 ಜನರಿಗೆ ನಿಲ್ಲುತ್ತದೆ. ಮುಖ್ಯ ಕಾರಣ ಮರೆವು. ಅದರಲ್ಲೂ ಎಲ್ಲ ಮರೆವೂ ಒಂದೇ ಅಲ್ಲ. 21 ಮಾತ್ರೆಯ ಸ್ಟ್ರಿಪ್‌ನಲ್ಲಿ ನಡುವೆ ಒಂದು ತಪ್ಪಿದರೆ, ನೆನಪಾದ ಕೂಡಲೇ ನುಂಗಿ ಮುಂದುವರಿಸಿದರೆ ಸಾಮಾನ್ಯವಾಗಿ ಸಾಕು. 7 ದಿನ ಬಿಡುವು ಕೊಟ್ಟು ಹೊಸ ಸ್ಟ್ರಿಪ್ ಶುರು ಮಾಡುವುದು ತಡವಾಯಿತು ಅಂದರೆ ಅದು ನಿಜವಾದ ಅಪಾಯ. ಯಾಕಂದರೆ ಆ ಬಿಡುವಿನಲ್ಲೇ ಅಂಡಾಶಯ ಮತ್ತೆ ಕೆಲಸ ಶುರು ಮಾಡಿರುತ್ತದೆ, ಇನ್ನೂ ಎರಡು ಮೂರು ದಿನ ಸಿಕ್ಕರೆ ಅಂಡಾಣು ಬಂದೇ ಬಿಡಬಹುದು.

ಇನ್ನು ರಕ್ತ ಹೆಪ್ಪುಗಟ್ಟುವ ಭಯ. ಸುಳ್ಳಲ್ಲ ಅದು. ಮಾತ್ರೆ ತಗೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ 1ರಿಂದ 5 ಜನರಿಗೆ ಹೀಗಾಗುತ್ತದೆ, ತಗೊಳ್ಳುವವರಲ್ಲಿ 3ರಿಂದ 9. ಆದರೆ ಗರ್ಭಿಣಿಯರಲ್ಲಿ 5ರಿಂದ 20, ಹೆರಿಗೆಯಾದ ಮೊದಲ ವಾರಗಳಲ್ಲಿ ಇನ್ನೂ ಜಾಸ್ತಿ. ಮಾತ್ರೆಗೆ ಹೆದರಿ ಏನನ್ನೂ ಬಳಸದೆ ಇರುವವರು ಈ ಕೊನೆಯ ಲೆಕ್ಕವನ್ನೂ ನೋಡಬೇಕು, ಅಲ್ವಾ? ಹಾಗಂತ ಎಲ್ಲರೂ ನುಂಗುವಂತಿಲ್ಲ. 35 ದಾಟಿ ಸಿಗರೇಟು ಸೇದುವವರು, ಬಿ.ಪಿ. ಜಾಸ್ತಿ ಇರುವವರು, ಹಿಂದೆ ರಕ್ತ ಹೆಪ್ಪುಗಟ್ಟಿದವರು, ಸ್ತನ ಕ್ಯಾನ್ಸರ್ ಆದವರು, ಕಣ್ಣ ಮುಂದೆ ಮಿಂಚಿನ ಗೆರೆ ಕಂಡು ಆಮೇಲೆ ಮೈಗ್ರೇನ್ ಬರುವವರು ಈಸ್ಟ್ರೊಜೆನ್ ಇರುವ ಮಾತ್ರೆಯಿಂದ ದೂರ ಇರಬೇಕು. ಕೇಳದೆ ಇದ್ದರೂ ಡಾಕ್ಟರಿಗೆ ನೀವೇ ಹೇಳಿ. ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆಗಳು, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನು ಕಡಿಮೆ ಮಾಡುತ್ತವೆ, ಅದನ್ನೂ ಹೇಳಿ. ಮಾತ್ರೆ ಶುರು ಮಾಡಿದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ನಾಳೆ ನೋಡೋಣ ಅಂತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಮರೆವು ಇರುವವರಿಗೆ ಗರ್ಭಕೋಶದೊಳಗೆ ಕೂರಿಸುವ ಕಾಪರ್-ಟಿ ಒಳ್ಳೆಯದು. ಇದರಲ್ಲಿ ಹಾರ್ಮೋನೇ ಇಲ್ಲ. ತಾಮ್ರ ವೀರ್ಯಾಣುವಿಗೆ ವಿಷ, ಅಷ್ಟೇ. ಕೆಲವು ಬಗೆಯವು 10 ವರ್ಷ ಬರುತ್ತವೆ, ತೆಗೆಸಿದ ಕೂಡಲೇ ಗರ್ಭ ನಿಲ್ಲಬಹುದು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ, ಹೊಟ್ಟೆ ನೋವೂ ಜಾಸ್ತಿ, ಮುಖ್ಯವಾಗಿ ಮೊದಲ ಕೆಲವು ತಿಂಗಳು. ಮೊದಲೇ ರಕ್ತಹೀನತೆ ಇದ್ದವರು ಹಾರ್ಮೋನು ಇರುವ ಬಗೆಯನ್ನು ಕೇಳಿ ನೋಡಬಹುದು, ಅದು ಮುಟ್ಟಿನ ರಕ್ತವನ್ನು ಕಡಿಮೆ ಮಾಡುತ್ತದೆ. ಹಾಕುವಾಗ ಗರ್ಭಕೋಶಕ್ಕೆ ತೂತಾಗುವುದು ಸಾವಿರಕ್ಕೆ ಒಬ್ಬರಿಗೆ ಅನ್ನುವಷ್ಟು ಅಪರೂಪ. ತಾನಾಗಿ ಜಾರಿ ಹೊರಬರುವುದು ಮಾತ್ರ ಅಷ್ಟು ಅಪರೂಪವಲ್ಲ, ಅದಕ್ಕೇ ಮುಟ್ಟು ಮುಗಿದ ಮೇಲೆ ಅದರ ತುದಿಯ ದಾರ ಕೈಗೆ ಸಿಗುತ್ತದಾ ಅಂತ ನೋಡಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಹಾಕಿಸುವ ಇಂಜೆಕ್ಷನ್ನೂ ಇದೆ. ಆದರೆ ಮುಂದಿನ ವರ್ಷವೇ ಮಗು ಬೇಕು ಅನ್ನುವವರಿಗೆ ನಾನು ಅದನ್ನು ಹೇಳುವುದಿಲ್ಲ. ಬಿಟ್ಟ ಮೇಲೂ ಗರ್ಭ ನಿಲ್ಲಲು ಹಲವು ತಿಂಗಳು ಹಿಡಿಯಬಹುದು.

ರಕ್ಷಣೆಯಿಲ್ಲದೆ ಸೇರಿದ ಮೇಲೆ ನುಂಗುವ ಎಮರ್ಜೆನ್ಸಿ ಮಾತ್ರೆ ಗರ್ಭಪಾತದ ಮಾತ್ರೆ ಅಲ್ಲ. ಅದು ಅಂಡಾಣು ಹೊರಬರುವುದನ್ನು ಮುಂದೂಡುತ್ತದೆ. ಆಗಲೇ ಬಂದಿದ್ದರೆ ಅದರಿಂದ ಪ್ರಯೋಜನವಿಲ್ಲ. ಲೆವೊನೊರ್ಜೆಸ್ಟ್ರೆಲ್ ಮಾತ್ರೆಯನ್ನು 72 ಗಂಟೆಯ ಒಳಗೆ, ಅದರಲ್ಲೂ ಎಷ್ಟು ಬೇಗ ಆದರೆ ಅಷ್ಟು ಬೇಗ ತಗೊಳ್ಳಬೇಕು. 5 ದಿನದೊಳಗೆ ಕಾಪರ್-ಟಿ ಹಾಕಿಸಿಕೊಂಡರೆ ಅದಕ್ಕಿಂತ ಎಷ್ಟೋ ಗಟ್ಟಿ.

ಸರಿ, ಹೆಂಗಸಿನ ಮೈಗೆ ಏನೂ ಆಗದ ವಿಧಾನ ಬೇಕೇ ಬೇಕು ಅಂದರೆ? ಗಂಡಸು ಬಳಸುವುದು. ಕಾಂಡೋಮ್ ಲೈಂಗಿಕ ರೋಗಗಳನ್ನೂ ಬಹುಮಟ್ಟಿಗೆ ತಡೆಯುತ್ತದೆ, ಆ ಕೆಲಸ ಮಾತ್ರೆಗೂ ಕಾಪರ್-ಟಿಗೂ ಆಗದು. ಆದರೆ ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ 100ರಲ್ಲಿ ಸುಮಾರು 13 ಜೋಡಿಗಳಿಗೆ ಗರ್ಭ ನಿಲ್ಲುತ್ತದೆ, ಹಾಗಾಗಿ ಪ್ರತಿ ಸಲವೂ, ಶುರುವಿನಿಂದಲೇ ಹಾಕಬೇಕು. ಕಾಂಡೋಮಿನ ರಬ್ಬರು, ಅಂದರೆ ಲೇಟೆಕ್ಸ್‌ಗೆ ಎಣ್ಣೆ ತಾಗಿದರೆ ಹರಿಯುತ್ತದೆ. ಇನ್ನು ಮಕ್ಕಳು ಸಾಕು ಅನ್ನುವವರಿಗೆ ವ್ಯಾಸೆಕ್ಟಮಿ, ಅಂದರೆ ವೀರ್ಯಾಣು ಬರುವ ನಾಳ ಕತ್ತರಿಸುವ ಗಂಡಸರ ಆಪರೇಷನ್. ಹೆಂಗಸರ ಆಪರೇಷನ್‌ಗಿಂತ ಇದು ಚಿಕ್ಕದು, ಹೊಟ್ಟೆ ಕೊಯ್ಯುವುದಿಲ್ಲ, ಗಂಡಸುತನಕ್ಕೂ ಏನೂ ಆಗುವುದಿಲ್ಲ. ಇಷ್ಟಿದ್ದೂ ಈ ಹೊರೆ ಹೆಂಡತಿಯ ಮೇಲೇ ಬೀಳುವುದು ನನಗೆ ನಿಜಕ್ಕೂ ಬೇಸರ ತರುತ್ತದೆ. ಒಂದು ಮಾತು ನೆನಪಿರಲಿ, ಮಾಡಿಸಿದ ಮರುದಿನದಿಂದಲೇ ಅದು ಕೆಲಸ ಮಾಡುವುದಿಲ್ಲ. ಸುಮಾರು 3 ತಿಂಗಳ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಅಂತ ರಿಪೋರ್ಟ್ ಬರುವವರೆಗೂ ಕಾಂಡೋಮ್ ಬಿಡುವಂತಿಲ್ಲ.