ನಾನು ಒತ್ತಿದ್ದಲ್ಲ ಅಲ್ವಾ?

"ನಾನೇ ಏನೋ ಒತ್ತಿಬಿಟ್ಟೆ ಅನ್ಸುತ್ತೆ ಕಣೇ."

ಭಾನುವಾರ ಅಮ್ಮನ ಲ್ಯಾಪ್‌ಟಾಪ್ ಮುಂದೆ ಕೂತಾಗಿನಿಂದ ಈ ಮಾತು ನನ್ನ ಕಿವಿಯಲ್ಲೇ ಇದೆ. ಅವಳು ಅದನ್ನು ಒಂದೇ ಸಲ ಹೇಳಲಿಲ್ಲ. ನಾನು ಲ್ಯಾಪ್‌ಟಾಪ್ ತೆರೆಯುವಾಗ ಹೇಳಿದಳು. ಪಾಸ್‌ವರ್ಡ್ ಹೇಳಿಕೊಡುವಾಗ ಹೇಳಿದಳು. ನಾನು ಸುಮ್ನೆ ಪರದೆ ನೋಡುತ್ತಾ ಕೂತಿದ್ದಾಗ, ಪಕ್ಕದಲ್ಲಿ ನಿಂತು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತಾ ಮತ್ತೆ ಹೇಳಿದಳು.

ತಂಗಿ ತನ್ನ ಐಫೋನ್‌ನಲ್ಲಿ ತೆಗೆದ ಮಗುವಿನ ಫೋಟೋಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟು ಹೋಗಿದ್ದಳು. ಒಂದೂ ತೆರೆಯುತ್ತಿರಲಿಲ್ಲ. ಐಫೋನ್ 2017ರಿಂದ ಈಚೆಗೆ ಫೋಟೋಗಳನ್ನು ಹೈಕ್ ಎಂಬ ಬೇರೆ ನಮೂನೆಯಲ್ಲಿ ಉಳಿಸುತ್ತದೆ. ವಿಂಡೋಸ್‌ನಲ್ಲಿ ಅದನ್ನು ನೋಡಲು ಬೇಕಾದ ಸಣ್ಣ ಎಕ್ಸ್‌ಟೆನ್ಷನ್‌ಗಳು ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬರುತ್ತವೆ. ಪರದೆಯ ಮೇಲೆ ಲಿಂಕ್ ಇತ್ತು. ಒತ್ತಿದೆ. ಈ ಲಿಂಕ್ ತೆರೆಯಲು ಹೊಸ ಆ್ಯಪ್ ಬೇಕು ಎಂದಿತು. ಸ್ಟಾರ್ಟ್ ಮೆನುವಿನಲ್ಲಿ ಸ್ಟೋರ್ ಎಂದು ಟೈಪ್ ಮಾಡಿ ಹುಡುಕಿದೆ. ಇಲ್ಲ. ಸ್ಟೋರೇ ಇಲ್ಲ.

ಅಮ್ಮ ಅದೇ ಲಿಂಕನ್ನು ಹತ್ತು ಹನ್ನೆರಡು ದಿನ ಒತ್ತುತ್ತಲೇ ಇದ್ದಳಂತೆ. ಯಾರಿಗೂ ಹೇಳಿರಲಿಲ್ಲ.

ತಮ್ಮನಿಗೆ ಫೋನ್ ಮಾಡಿದೆ. "ಹೂಂ ಅಕ್ಕ, ಹೋದ ಸಲ ಬಂದಾಗ ಬೇಡದ್ದನ್ನೆಲ್ಲ ತೆಗೆದೆ. ಒಂದು ಸ್ಕ್ರಿಪ್ಟ್ ಇದೆ, ಒಂದೇ ಏಟಿಗೆ ಎಲ್ಲ ಕ್ಲೀನ್. ಸ್ಟೋರ್ ಇಟ್ಕೊಂಡು ಅಮ್ಮ ಏನು ಕೊಳ್ತಾಳೆ ಹೇಳು?"

ನನ್ನ ತಮ್ಮ ಒಳ್ಳೆಯವನು. ಕೇಳದೆಯೇ ಸಹಾಯ ಮಾಡುತ್ತಾನೆ. ಆದರೆ ಕೇಳದೆಯೇ ಮಾಡುವುದೇ ಅವನ ತೊಂದರೆ ಕೂಡ. ಸ್ಟೋರ್ ಎಂಬ ಹೆಸರು ನೋಡಿ ಅಂಗಡಿ ಎಂದುಕೊಂಡ. 2012ರಲ್ಲಿ ವಿಂಡೋಸ್ 8 ಜೊತೆ ಬಂದಾಗ ಅದು ಹೆಚ್ಚುಕಡಿಮೆ ಅಂಗಡಿಯೇ ಆಗಿತ್ತು ಬಿಡಿ. ಈಗ ಕ್ಯಾಲ್ಕುಲೇಟರ್, ಫೋಟೋಸ್, ನೋಟ್‌ಪ್ಯಾಡ್ ಎಲ್ಲದರ ಅಪ್‌ಡೇಟ್‌ಗಳೂ ಅದೇ ದಾರಿಯಲ್ಲಿ ಬರುತ್ತವೆ. ಏನನ್ನೂ ಕೊಳ್ಳದವರಿಗೂ ಅದು ಬೇಕು.

ವಾಪಸ್ ತರೋಣ ಎಂದು ಕೂತೆ. ಮೊದಲು ಪವರ್‌ಶೆಲ್ (ವಿಂಡೋಸ್‌ಗೆ ಆಜ್ಞೆಗಳನ್ನು ಟೈಪ್ ಮಾಡಿ ಕೊಡುವ ಕಿಟಕಿ) ಅನ್ನು ಅಡ್ಮಿನ್ ಆಗಿ ತೆರೆದು, ಎಲ್ಲ ಬಳಕೆದಾರರಿಗೂ ಸೇರಿಸಿ ಸ್ಟೋರ್‌ನ ಪ್ಯಾಕೇಜ್, ಅಂದರೆ ಅದರ ಫೈಲ್‌ಗಳ ಕಟ್ಟು, ಎಲ್ಲಾದರೂ ಇದೆಯಾ ಎಂದು ಹುಡುಕಿಸಿದೆ. ಒಂದು ಖಾತೆಯಿಂದ ಮಾತ್ರ ತೆಗೆದಿದ್ದರೆ, ಪ್ರೋಗ್ರಾಮ್ ಫೈಲ್ಸ್ ಒಳಗೆ ಅಡಗಿರುವ ವಿಂಡೋಸ್‌ಆ್ಯಪ್ಸ್ ಫೋಲ್ಡರ್‌ನಲ್ಲಿ ಅದರ ಫೈಲ್‌ಗಳು ಉಳಿದಿರುತ್ತವೆ. ಆಗ ಅವನ್ನೇ ಆ ಖಾತೆಗೆ ಮತ್ತೆ ಜೋಡಿಸಿದರೆ (ರಿಜಿಸ್ಟರ್ ಮಾಡಿದರೆ) ಸಾಕು. ಇಲ್ಲಿ ಉತ್ತರವೇ ಬರಲಿಲ್ಲ. ಕರ್ಸರ್ ಸುಮ್ಮನೆ ಕೆಳಗಿನ ಸಾಲಿಗೆ ಇಳಿದು ಮಿನುಗಿತು. ಸ್ಕ್ರಿಪ್ಟ್ ಬುಡಸಮೇತ ಕಿತ್ತಿತ್ತು.

ಬೇರೆ ಸೈಟ್‌ಗಳಿಂದ ಪ್ಯಾಕೇಜ್ ಇಳಿಸಿಕೊಳ್ಳಬಹುದು. ಅಮ್ಮನ ಬ್ಯಾಂಕ್ ಕೆಲಸವೆಲ್ಲ ನಡೆಯುವ ಲ್ಯಾಪ್‌ಟಾಪ್‌ಗೆ ಗೊತ್ತಿಲ್ಲದ ಕಡೆಯಿಂದ ಏನನ್ನೂ ತಂದು ಹಾಕಲು ನನಗೆ ಮನಸ್ಸಾಗಲಿಲ್ಲ. ಉಳಿದದ್ದು ವಿಂಡೋಸ್‌ನಲ್ಲೇ ಇರುವ ಡಬ್ಲ್ಯುಎಸ್‌ರೀಸೆಟ್ (wsreset) ಎಂಬ ಆಜ್ಞೆ. ಬರೀ ಆ ಹೆಸರು ಕೊಟ್ಟರೆ ಅದು ಸ್ಟೋರ್ ತಾತ್ಕಾಲಿಕವಾಗಿ ಕೂಡಿಟ್ಟ ಮಾಹಿತಿಯನ್ನು (ಕ್ಯಾಶ್) ಅಳಿಸುತ್ತದೆ ಅಷ್ಟೇ, ಸ್ಟೋರ್ ಇದ್ದರೆ ಮಾತ್ರ ಉಪಯೋಗ. ಅದರ ಮುಂದೆ ಒಂದು ಜಾಗ ಬಿಟ್ಟು, ಒಂದು ಚಿಕ್ಕ ಅಡ್ಡಗೆರೆ ಹಾಕಿ, ಇಂಗ್ಲಿಷಿನ ಸಣ್ಣ ಐ ಸೇರಿಸಿದರೆ ಸ್ಟೋರನ್ನೇ ಮತ್ತೆ ಇನ್‌ಸ್ಟಾಲ್ ಮಾಡುತ್ತದೆ. ಇದೂ ಆಗದಿದ್ದರೆ ಫೈಲ್‌ಗಳನ್ನೂ ಆ್ಯಪ್‌ಗಳನ್ನೂ ಉಳಿಸಿಕೊಂಡು ವಿಂಡೋಸ್ ಅನ್ನೇ ಮೇಲಿಂದ ಮತ್ತೊಮ್ಮೆ ಹಾಕಬೇಕಿತ್ತು.

ಎಂಟರ್ ಒತ್ತಿದೆ. ಏನೂ ಆದಂತೆ ಕಾಣಲಿಲ್ಲ. ಕೆಲಸ ಹಿಂದುಗಡೆ ನಡೆಯುತ್ತದೆ, ಎಷ್ಟಾಯಿತು ಎಂದು ತೋರಿಸುವ ಗೆರೆಯೂ ಇಲ್ಲ. ಕಾಯಬೇಕು ಎಂದು ಗೊತ್ತಿದ್ದೂ ಇನ್ನೊಮ್ಮೆ ಒತ್ತಲು ಕೈ ಹೋಯಿತು. ಅಮ್ಮ ಆ ಲಿಂಕನ್ನು ದಿನಾ ಯಾಕೆ ಒತ್ತುತ್ತಿದ್ದಳು ಎಂದು ಆಗ ಅರ್ಥವಾಯಿತು.

ಕಾಯುವಾಗಲೂ ಅದೇ ಮಾತು. "ನಾನೇ ಏನೋ ಒತ್ತಿಬಿಟ್ಟೆ." ಯಂತ್ರ ಕೆಟ್ಟರೆ ನಾವು ಯಂತ್ರವನ್ನು ಬೈಯುತ್ತೇವೆ. ಅವಳು ತನ್ನನ್ನೇ ಬೈದುಕೊಳ್ಳುತ್ತಾಳೆ. ಇದನ್ನು ಅವಳಿಗೆ ಕಲಿಸಿದ್ದು ನಾವೇ. "ಅಮ್ಮ, ಏನೇನೋ ಒತ್ತಬೇಡ" ಎಂದು ಎಷ್ಟು ಸಲ ಹೇಳಿದ್ದೇವೆ! ಅವಳು ಏನಾದರೂ ಕೇಳಿದರೆ ಬಾಯಲ್ಲಿ ಹೇಳಿಕೊಡುವ ಬದಲು ಮೌಸ್ ಕಿತ್ತುಕೊಂಡು ನಾವೇ ಮಾಡಿಬಿಡುತ್ತೇವೆ. ತಮ್ಮ ಸ್ಕ್ರಿಪ್ಟ್ ಓಡಿಸಿದ ದಿನ ಅಮ್ಮ ಅಲ್ಲೇ ಪಕ್ಕದಲ್ಲಿದ್ದಳಂತೆ. ಏನು ತೆಗೀತಿದ್ದೀನಿ ಎಂದು ಒಂದು ಮಾತು ಹೇಳಿದ್ದರೆ, ಆ ಹತ್ತು ಹನ್ನೆರಡು ದಿನ ಅವಳು ತಪ್ಪು ಮಾಡಿದವಳ ಹಾಗೆ ಇರುತ್ತಿರಲಿಲ್ಲ. ನನಗೆ ಸ್ಟೋರ್ ಹೋಗಿದ್ದಕ್ಕಿಂತ ಇದು ಜಾಸ್ತಿ ನೋವಾಯಿತು.

ಐದಾರು ನಿಮಿಷ ಆಗಿರಬೇಕು. ಮೂಲೆಯಲ್ಲಿ ಒಂದು ಸೂಚನೆ ಬಂತು. ಸ್ಟಾರ್ಟ್ ಮೆನು ತೆರೆದೆ. ಹಿಡಿಕೆ ಇರುವ ಆ ಚಿಕ್ಕ ಚೀಲದ ಚಿತ್ರ ಅಲ್ಲಿತ್ತು. ಎಕ್ಸ್‌ಟೆನ್ಷನ್‌ಗಳನ್ನು ಹಾಕಿದೆ. ಮೌಸ್ ಅಮ್ಮನ ಕೈಗೆ ಕೊಟ್ಟೆ. ಅವಳು ಮೊದಲ ಫೋಟೋ ಮೇಲೆ ಎರಡು ಸಲ ಒತ್ತಿದಳು. ಮಗು ಕಣ್ಣು ಕಿರಿದು ಮಾಡಿಕೊಂಡು, ಹಿಮ್ಮಡಿ ಕಚ್ಚಲು ನೋಡುತ್ತಿತ್ತು. ಅಮ್ಮ ಫೋಟೋ ನೋಡುತ್ತಾ ನಗಲಿಲ್ಲ. ನನ್ನ ಕಡೆ ತಿರುಗಿದಳು.

"ಹಾಗಾದ್ರೆ ನಾನು ಒತ್ತಿದ್ದಲ್ಲ ಅಲ್ವಾ?"

"ಅಲ್ಲಮ್ಮ. ನೀನೇನೂ ಮಾಡಿಲ್ಲ."

ಆಮೇಲೆ ಫೋಟೋ ಕಡೆ ನೋಡಿ ನಕ್ಕಳು.

ರಾತ್ರಿ ತಮ್ಮನಿಗೆ ಹೇಳಿದೆ, ನೀನೇ ಅವಳಿಗೆ ಫೋನ್ ಮಾಡಿ ಹೇಳು ಕಣೋ ಎಂದು. ಮಾಡಿದನಂತೆ. ನಿನ್ನೆ ಅಮ್ಮ ನನಗೆ ಫೋನ್ ಮಾಡಿದ್ದಳು. ಸ್ಟೋರ್‌ನಲ್ಲಿ ಏನೋ ಅಪ್‌ಡೇಟ್ ಕೇಳ್ತಿದೆ, ಒತ್ತಲಾ ಎಂದಳು. ಏನು ಬರೆದಿದೆ ಓದು ಎಂದೆ. ನಿಧಾನವಾಗಿ ಎಲ್ಲ ಓದಿದಳು.

"ಒತ್ತಮ್ಮ" ಎಂದೆ.